ಗುಬ್ಬಿಯ ತೊಟ್ಟಿಗಿಂತ ಒಂದಡಿ ಹೆಚ್ಚು

ಕಾರು, ಬಂಗಲೆ ಇರುವವರನ್ನು ಕಂಡಾಗ ಹೊಟ್ಟೆಕಿಚ್ಚು ಹುಟ್ಟುತ್ತದೆ ಎನ್ನುವವರಿಗೆ ಬಹುಶಃ ಷಡ್ಡಕ ಇರಲಿಕ್ಕಿಲ್ಲ. ದೊಡ್ಡವರ ಸಿರಿ ನಮ್ಮನ್ನು ಕಾಡುವುದಿಲ್ಲ. ಅವರು ಅವರ ಪಾಡಿಗೆ ಇರುತ್ತಾರೆ. ಸುಡುವುದು ನಮ್ಮಷ್ಟೇ ಸಂಬಳದ, ನಮ್ಮಷ್ಟೇ ಬೊಕ್ಕತಲೆಯ, ನಮ್ಮ ಹೆಂಡತಿಯ ತಂಗಿಯನ್ನು ಮದುವೆಯಾದ ಮನುಷ್ಯ. ನನ್ನ ಪಾಲಿಗೆ ಅವನು ಗುಬ್ಬಿಯ ನಾಗರಾಜು.

ತೊಂಬತ್ತರ ದಶಕದ ಕೊನೆಯಲ್ಲಿ ನಾಗರಾಜು ತನ್ನ ಮನೆಯ ಹಾಲಿನಲ್ಲಿ ಐದಡಿ ಉದ್ದದ ಮೀನಿನ ತೊಟ್ಟಿ ಇಡಿಸಿದ. ಇಡಿಸಲಿ, ನನಗೇನು? ಆದರೆ ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಅಮೃತೂರಿನ ಮಾವ, ತಿಂಗಳಿಗೊಮ್ಮೆ ತುಮಕೂರಿನ ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದವರು, ಈಗ ನಮ್ಮಲ್ಲಿ ಒಂದು ಲೋಟ ಕಾಫಿ ಕುಡಿದು ಗುಬ್ಬಿ ಬಸ್ಸು ಹತ್ತತೊಡಗಿದರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ನನಗೆ, ಮಾವ ಪಡಸಾಲೆಯಲ್ಲಿ ಕೂತು ಕೆಮ್ಮುವ ಆ ಎರಡು ದಿನವೇ ಮನೆ ಮನೆಯಂತೆ ಅನ್ನಿಸುತ್ತಿದ್ದುದು. “ಆ ಮೀನ್ ನೋಡ್ತಾ ಕುಂತ್ರೆ ಹೊತ್ತು ಹೋಗೋದೇ ತಿಳಿಯಲ್ಲ ಕಣ್ರೀ” ಎಂದರು. ಅಂದರೆ ಇಷ್ಟು ವರ್ಷ ನಮ್ಮ ಮನೆಯಲ್ಲಿ ಅವರಿಗೆ ಅದು ತಿಳಿಯುತ್ತಿತ್ತು ಎಂದಾಯಿತು!

ನಾನು ಆರಡಿ ತೊಟ್ಟಿ ಮಾಡಿಸಿದೆ. ಗಾಜಿನ ಅಂಗಡಿಯ ಅನ್ವರ್ ಸಾಬರು ತಳದಲ್ಲಿ ಪೈಪಿಗೆ ತೂತು ಕೊರೆದು, ಅಂಚಿಗೆಲ್ಲ ಸಿಲಿಕೋನ್ ಬಳಿದು, ಕೈ ಒರೆಸಿಕೊಳ್ಳುತ್ತಾ, “ಸಾರ್, ಗಾಜು ನಂದು, ಪೈಪು ನಿಮ್ದು. ಆಮೇಲೆ ಮನೆ ಕೆರೆ ಆಯ್ತು ಅಂತ ನನ್ ಅಂಗಡೀಗ್ ಬರಬಾರ್ದು” ಎಂದರು. ತೊಟ್ಟಿಯ ಕೆಳಗಿನ ಮರದ ಗೂಡಿನಲ್ಲಿ ಪಂಪು. ನೀರು ತೂತಿನಿಂದ ಇಳಿದು, ಸೋಸಿಕೊಂಡು, ಪಂಪಿನ ಬಲದಿಂದ ಮತ್ತೆ ಮೇಲೇರಬೇಕು. ಎಲ್ಲವೂ ಆ ಪಂಪಿನ ಬಾಯಿಯ ಜಾಯಿಂಟನ್ನು ನಂಬಿಕೊಂಡಿತ್ತು. ನಾಗರಾಜುವನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದ. ಕೇಳಲು ನನಗೆ ಬಾಯಿ ಬರಬೇಕಲ್ಲ!

ನನಗೆ ಗೊತ್ತಿದ್ದುದು ಮಾವನ ತೆಂಗಿನ ತೋಟದಲ್ಲಿ ಕಂಡ ವಿದ್ಯೆ: ಬೋರ್‌ವೆಲ್ ಪೈಪಿನ ತುದಿಗೆ ಸೆಣಬಿನ ಎಳೆ ಸುತ್ತಿ, ಬಿಳಿ ಪೇಸ್ಟು ಮೆತ್ತಿ, ಕಬ್ಬಿಣ ಕಿರುಗುಟ್ಟುವ ತನಕ ಬಿಗಿಯುವುದು. ಪೇಸ್ಟು ಮೀನಿಗೆ ವಿಷ ಎಂದು ಅನ್ವರ್ ಸಾಬರು ಹೆದರಿಸಿದ್ದರಿಂದ ಅದರ ಬದಲು ಕೊಬ್ಬರಿ ಎಣ್ಣೆ ಸವರಿದೆ. ನಾವೇ ತಿನ್ನುವ ಪದಾರ್ಥ, ಮೀನಿಗೇನು ಕೇಡು? ಸ್ವಿಚ್ಚು ಹಾಕಿದ್ದೇ ತಡ, ತೊಟ್ಟಿಯ ನೀರಿನ ಮೇಲೆ ಎಣ್ಣೆ ಒಗ್ಗರಣೆಯಂತೆ ಹರಡಿಕೊಂಡಿತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಬಿಂದಿಗೆ ಬಿಂದಿಗೆ ಹೊತ್ತು ಅದನ್ನು ತುಂಬಿಸಿದ್ದ ನನ್ನ ಹೆಂಡತಿ ಜಯ, ಬಕೆಟ್ಟಿನಲ್ಲಿ ಕಾಯುತ್ತಿದ್ದ ಮೀನುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಒಗ್ಗರಣೆ ಆಯ್ತು. ಇನ್ ಹುಣಸೇಹಣ್ಣು ಕಿವುಚಿ ಮೀನ್ ಬುಡಿ, ಸಾರು ಆಗೋಯ್ತದೆ” ಎಂದಳು.

ಎಲ್ಲ ಚೆಲ್ಲಿ, ತೊಳೆದು, ಎರಡನೆಯ ಸಲ ಸೆಣಬು ಬಿಟ್ಟು ಪ್ಲಂಬರುಗಳ ಬಿಳಿ ಟೇಪು ಸುತ್ತಿದೆ. ಟೇಪು ಹೊಸದಾದರೂ ಕೈ ಹಳೆಯದು. ಬೋರ್‌ವೆಲ್ಲಿಗೆ ಬಿಗಿದಂತೆಯೇ ಬಿಗಿದೆ. ಪೈಪನ್ನು ಪಂಪಿಗೆ ಹಿಡಿದಿದ್ದ ಪ್ಲಾಸ್ಟಿಕ್ಕಿನ ಕಾಲರ್ ‘ಟಿಕ್’ ಎಂದಿತು. ಕೂದಲೆಳೆಯಷ್ಟು ಬಿರುಕು. ತೊಟ್, ತೊಟ್.

ಸರಿಯಾಗಿ ಆಗಲೇ ಮಾವ ಕಾಫಿಗೆ ಬಂದರು. ಬ್ಯಾಗು ಕಂಕುಳಲ್ಲೇ ಇತ್ತು. ತೊಟ್ಟಿಯ ಕಡೆ ಕಣ್ಣು ಹಾಯಿಸಿ, “ದೊಡ್ದಾಗೈತೆ” ಎಂದಷ್ಟೇ ಹೇಳಿ ಲೋಟ ಎತ್ತಿಕೊಂಡರು. ನನ್ನ ಜೀವ ಬಾಡಿತು. ಅಷ್ಟರಲ್ಲಿ ಅವರ ಕಿವಿ ನೆಟ್ಟಗಾಯಿತು. “ಜಯಾ, ಅದೇನವ್ವಾ ಸದ್ದು?” ಲೋಟ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಉದ್ದಕ್ಕೆ ಮಲಗಿ ಗೂಡಿನೊಳಗೆ ತಲೆ ತೂರಿಸಿದರು. “ಅಳಿಯಂದ್ರೇ, ಜಾಯಿಂಟ್ ಸೋರ್ತಾ ಐತೆ!” ಮೊಮ್ಮಗ ಹುಟ್ಟಿದ ಸುದ್ದಿ ಹೇಳುವ ದನಿ ಅದು. ಮಂಡಿನೋವೆಂದು ತೋಟದ ಮೋಟಾರಿನ ಹತ್ತಿರಕ್ಕೂ ನನ್ನ ಬಾವಮೈದುನ ಅವರನ್ನು ಬಿಡುತ್ತಿರಲಿಲ್ಲವಂತೆ. ಗುಬ್ಬಿ ಬಸ್ಸು ಅಂದು ಅವರಿಲ್ಲದೆ ಹೋಯಿತು. ಆ ವಾರವೆಲ್ಲ ಹಾಗೇ ಹೋಯಿತು. ಮಾವ ಅತ್ತಲಿಂದ, ನಾನು ಇತ್ತಲಿಂದ ಗೂಡಿಗೆ ತಲೆಯಿಟ್ಟು ಮಲಗುತ್ತಿದ್ದೆವು. ಇಲ್ಲಿ ಒತ್ತಿದರೆ ಅಲ್ಲಿ ಜಿನುಗು. “ಹಿಂಗಲ್ಲ, ಬುಡಿ ಬುಡಿ, ನಂಗ್ ಕೊಡಿ ಇಲ್ಲಿ.” “ಮಾವ, ಅದು ನನ್ನ ಬೆರಳು!” ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ.

ನಾಗರಾಜು ಫೋನು ಮಾಡಿದ. “ಮಾವ ಯಾಕಣ್ಣ ಈ ಸಲ ಬರ್ಲೇ ಇಲ್ಲ?”

“ನಮ್ಮ ಪಂಪು ಸೋರ್ತಾ ಇದೆಯಪ್ಪಾ” ಎಂದೆ, ಹೊಸ ಕಾರು ಕೊಂಡವನ ಗತ್ತಿನಲ್ಲಿ. ಎಲ್ಲಿ, ಹೇಗೆ ಸೋರುತ್ತಿದೆ ಎಂದೆಲ್ಲ ವಿಚಾರಿಸಿಕೊಂಡು ಅವನು ಫೋನಿಟ್ಟ.

ಕೊನೆಗೆ ಹೊಸ ಕಾಲರ್ ತಂದು, ಒಳಗೆ ರಬ್ಬರ್ ವಾಷರ್ ಕೂರಿಸಿ, ಬರಿಗೈಯಲ್ಲಿ ತಿರುಗಿಸಿದ್ದೇ ಸೋರುವುದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಮಾವ ಒಣಗಿದ ಜಾಯಿಂಟನ್ನು ಬೆರಳಿಂದ ಸವರಿ, “ಆಯ್ತಲ್ಲ ಬುಡಿ” ಎಂದು ನಿಟ್ಟುಸಿರು ಬಿಟ್ಟು ಬ್ಯಾಗು ಕೇಳಿದರು. ಮರುದಿನದಿಂದ ಮೀನುಗಳು ಆರಡಿ ಉದ್ದಕ್ಕೂ ಓಡಾಡಿದವು. ನೋಡುವವರು ನಾನು, ಜಯ ಇಬ್ಬರೇ.

ಮುಂದಿನ ತಿಂಗಳು ಮಾವ ಬಂದರು. ಕೂರಲೂ ಇಲ್ಲ. “ಬಿರ್ರನೆ ಕಾಫಿ ಕೊಡವ್ವಾ. ನಾಗರಾಜು ಫೋನ್ ಮಾಡಿದ್ದ. ಅವನ ಪಂಪು ಸೋರ್ತಾ ಐತಂತೆ, ಪಾಪ.”

ಪಾಪವಂತೆ! ಇಷ್ಟು ಕಾಲ ಹನಿ ಬೀಳಿಸದ ಪಂಪು ಈಗ ಸೋರಿತೇ? ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಜಾಯಿಂಟನ್ನೂ ತುಸು ಸಡಿಲಿಸೋಣವೆಂದು ಸ್ಪ್ಯಾನರ್ ಹುಡುಕಲು ಅಡುಗೆಮನೆಯ ಅಟ್ಟಕ್ಕೆ ಕೈ ಹಾಕಿದೆ. ಅದು ಅಲ್ಲಿರಲಿಲ್ಲ. ಹಾಲಿಗೆ ಓಡಿ ಬಂದರೆ, ಜಯ ಗೂಡಿನ ಬಾಗಿಲು ಮುಚ್ಚಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. “ಅಪ್ಪಾ, ನಮ್ದೂ ಯಾಕೋ ಮತ್ತೆ ಸೋರ್ತಾ ಐತಲ್ಲ!”

ಮಾವ ಬ್ಯಾಗು ಕೆಳಗಿಟ್ಟರು. ನಾನು ಬಗ್ಗಿ ನೋಡಿದೆ. ಎಂಥ ಹನಿ! ಗೋಡೆಗೆ ಸಿಡಿಯದೆ, ಹಲಗೆ ನೆನೆಸದೆ, ಮೊದಲೇ ಇಟ್ಟಿದ್ದ ಬೋಗುಣಿಯ ನಟ್ಟನಡುವೆ ಗಡಿಯಾರದಂತೆ ಬೀಳುತ್ತಿತ್ತು. ಅಷ್ಟು ದಿನ ಬೆವರು ಸುರಿಸಿದರೂ ಅಷ್ಟು ಅಚ್ಚುಕಟ್ಟಾಗಿ ಸೋರಿಸಲು ನನ್ನಿಂದ ಆಗಿರಲಿಲ್ಲ. ಮಾವ ಉಳಿದದ್ದಕ್ಕೆ ಸಂತೋಷವಾಯಿತು, ಸುಳ್ಳೇಕೆ? ಆದರೆ ಆ ಹೊತ್ತಿನಿಂದ ಗುಬ್ಬಿಯವನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಮನೆಯವಳ ಮೇಲೆ ತಿರುಗಿಕೊಂಡಿದೆ.