ಕೈ ಬಿಡದ ಕುಂಬಾರ

ಎಲ್ಲಕ್ಕೂ ಮೂಲ, ಮ್ಯಾನೇಜರ ಹೆಂಡತಿ ಬೆಳಿಗ್ಗೆ ಆಡಿದ ಒಂದು ಮಾತು. "ಅಲ್ಲಾರೀ, ನಮ್ಮಕ್ಕ, ಭಾವ ಎಲ್ಲಾ ನಾಟಕ ನೋಡೋಕೆ ಬರ್ತಾರೆ. ಅವರೆದುರಿಗೆ ನೀವು ದುಷ್ಟ ಮಂತ್ರಿಯಾ?"

ಬೆಂಕಿಪೊಟ್ಟಣದ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಅಂದು ಸಂಜೆಯೇ ನಾಟಕ. ತಾತಂದಿರ ಕಾಲದಿಂದ ಆಡಿಕೊಂಡು ಬಂದ ಕತೆ. ರಾಜಕುಮಾರಿಯನ್ನು ಮೂವರು ಬಯಸುತ್ತಾರೆ. ಮಂತ್ರಿಗೆ ಸಿಂಹಾಸನದ ಮೇಲೆ ಕಣ್ಣು, ವರ್ತಕನಿಗೆ ಖಜಾನೆಯ ಮೇಲೆ, ಬಡ ಕುಂಬಾರನಿಗೆ ಮಾತ್ರ ಅವಳ ಮೇಲೆ. ರಾಜ್ಯ ಹೋಯಿತೆಂದು ಸುದ್ದಿ ಬಂದೊಡನೆ ಮೊದಲಿಬ್ಬರೂ ಓಟ ಕೀಳುತ್ತಾರೆ. ಕುಂಬಾರ ಅವಳ ಕೈ ಹಿಡಿಯುತ್ತಾನೆ.

ಕುಂಬಾರನ ಪಾತ್ರ ಬಿಲ್ ಬರೆಯುವ ಗುಮಾಸ್ತನದು. ರಾಜಕುಮಾರಿ ಅದೇ ಕಚೇರಿಯ ಟೈಪಿಸ್ಟು. ಅವಳೆಂದರೆ ಅವನಿಗೆ ನಿಜವಾಗಿಯೂ ಪ್ರಾಣ. ಮುಂದಿನ ಸಾಲಿನಲ್ಲಿ ಅವಳ ಅಪ್ಪ ಕೂತಿರುತ್ತಾರೆ. ಮಗಳ ಕೈಯನ್ನು ಇಷ್ಟು ನಿಷ್ಠೆಯಿಂದ ಹಿಡಿದವನನ್ನು ಕಂಡು ಅವರ ಮನಸ್ಸು ಕರಗದೆ ಇದ್ದೀತೇ? ನಾಟಕ ಮುಗಿದೊಡನೆ ಹೆಣ್ಣು ಕೇಳಿಯೇಬಿಡುವುದೆಂದು ಎರವಲು ಕೋಟಿಗೆ ಇಸ್ತ್ರಿ ಮಾಡಿಸಿಟ್ಟಿದ್ದ.

ಕಚೇರಿಗೆ ಬರುತ್ತಲೇ ಮ್ಯಾನೇಜರು ಅವನನ್ನು ಕರೆದರು. "ಮಂತ್ರಿ ಓಡಿಹೋಗೋದಿಲ್ಲ ಕಣಯ್ಯ. 'ಕುಂಬಾರನಿಗಾಗಿ ನನ್ನ ಪ್ರೇಮವನ್ನೇ ತ್ಯಾಗ ಮಾಡುವೆ' ಅಂತ ಅಳ್ತಾನೆ."

"ಸಾರ್, ಹಾಗಾದ್ರೆ ಕತೆ..."

"ಕತೆ ನಿಮ್ಮಪ್ಪಂದಾ?"

ಗೋದಾಮಿನ ಸಾಮಾನನ್ನು ಚೀಲಚೀಲವಾಗಿ ಮನೆಗೆ ಸಾಗಿಸುವ ಸ್ಟೋರ್‌ಕೀಪರನಿಗೆ ವರ್ತಕನ ಪಾತ್ರ. ಅವನೂ ಎಗರಿದ. "ಊರಿಗೆಲ್ಲಾ ಕೆಟ್ಟವನು ನಾನೊಬ್ನೇನಾ? ನಾನೂ ತ್ಯಾಗ ಮಾಡ್ತೀನಿ. ಆಸ್ತೀನೂ ಬರೆದುಕೊಡ್ತೀನಿ. ನಮ್ಮಪ್ಪನ ಗಂಟೇನು ಹೋಗುತ್ತೆ!" ಪುಕ್ಕಟೆ ತ್ಯಾಗವಾದರೆ ಇಬ್ಬರೂ ಹಿಂದೆಮುಂದೆ ನೋಡುವವರಲ್ಲ.

ಗುಮಾಸ್ತ ಟೈಪಿಸ್ಟಳ ಮೇಜಿಗೆ ಓಡಿದ. "ನೀವಾದ್ರೂ ಹೇಳಿ."

"ನನಗೋಸ್ಕರ ಎಲ್ರೂ ಅಳ್ತಾರಲ್ಲ, ಚೆನ್ನಾಗೇ ಇದೆ ಬಿಡಿ."

ಸಂಜೆ ಮ್ಯಾನೇಜರು ವಾಷರು ಸವೆದ ನಲ್ಲಿಯ ಹಾಗೆ ಅತ್ತರು. ಅತ್ತಿಗೆ ನಾದಿನಿಯರೆಲ್ಲ ಮೂಗೊರೆಸಿಕೊಂಡರು. ಸ್ಟೋರ್‌ಕೀಪರ್ ಆಸ್ತಿ ಸಾಲದೆಂದು ಮೈಮೇಲಿನ ಶಾಲನ್ನೂ ಕುಂಬಾರನಿಗೆ ಹೊದಿಸಿ ಹೊರಟ. ಚಪ್ಪಾಳೆಗೆ ತಗಡಿನ ಚಾವಣಿ ಅದುರಿತು. ಉಳಿದವನು ಕುಂಬಾರ. ಹೋಗಿ ಅವಳ ಕೈ ಹಿಡಿದ.

"ಥೂ, ಆಸೆಬುರುಕ!" ಹಿಂದಿನಿಂದ ಯಾರೋ ಕೂಗಿದರು. "ದೊಡ್ಡ ಮನುಷ್ಯರೇ ಬಿಟ್ಟುಕೊಟ್ರು, ನಿನಗೇನೋ ಬಂದಿದ್ದು ರೋಗ? ಕೈ ಬಿಡೋ!"

"ಬಿಡೋ! ಬಿಡೋ!" ಸಭೆಗೆ ಸಭೆಯೇ ಎದ್ದು ನಿಂತಿತು.

"ಬಿಡಲ್ಲ! ನನಗೆ ಇವಳು ಬೇಕು!" ನಾಟಕದಲ್ಲಿಲ್ಲದ ಮಾತು ಬಾಯಿಂದ ಬಂದೇಬಿಟ್ಟಿತು. ಆ ಸಂಜೆ ವೇದಿಕೆಯ ಮೇಲೆ ಯಾರಾದರೂ ನಿಜ ಹೇಳಿದ್ದರೆ ಅದೊಂದೇ. ಜನ ಚಪ್ಪಲಿ ಎಸೆದರು. ಪರದೆ ಎಳೆಯಬೇಕಾಯಿತು.

ಹುಡುಗಿಯ ಅಪ್ಪ ಒಳಗೆ ಬಂದರು. ಗುಮಾಸ್ತ ಮರ್ಯಾದೆಯನ್ನು ಗಾಳಿಗೆ ತೂರಿ ಕೇಳಿಯೇಬಿಟ್ಟ.

"ನಿನಗಾ? ಕಂಡದ್ದೆಲ್ಲಾ ಬೇಕು ಅನ್ನೋನಿಗೆ ಮಗಳನ್ನ ಕೊಡ್ತಾರೇನಯ್ಯ?"

ಮಗಳು ಮುಖ ತಿರುಗಿಸಿದಳು. "ನಾಟಕದಲ್ಲಾದ್ರೂ ಒಂದು ಸಲ ಬಿಟ್ಟುಕೊಡಬಾರದಿತ್ತಾ? ಎಲ್ಲರೆದುರಿಗೆ ಎಷ್ಟು ಅವಮಾನ!"

ಅಪ್ಪ ಸ್ಟೋರ್‌ಕೀಪರನ ಬೆನ್ನು ತಟ್ಟಿದರು. "ಅಳಿಯ ಅಂದ್ರೆ ನಿನ್ನಂಥ ತ್ಯಾಗಿ ಆಗಿರಬೇಕಪ್ಪ. ನನಗಿರೋಳು ಒಬ್ಬಳೇ ಮಗಳು. ಎರಡು ಮನೆನೂ ಅವಳಿಗೇ. ಏನಂತೀಯ?"

ಸ್ಟೋರ್‌ಕೀಪರ್ ಮುಖದ ಬಣ್ಣ ಒರೆಸುವುದನ್ನು ನಿಲ್ಲಿಸಿದ.

"ಎರಡು ಮನೇನಾ? ಯಾವ ಬೀದೀಲಿ, ಮಾವ?"