ಫೋನಿನೊಳಗಿನ ರಾಕ್ಷಸಗ ಜಗಳ ಕಲಿಸಿದ್ದು

ನಮ್ಮ ಮನಿಗೂ ಜಗಳಕ್ಕೂ ಏನು ನಂಟೋ ಏನೋ, ಒಂದು ಮುಗೀತು ಅನ್ನೋದ್ರಾಗ ಇನ್ನೊಂದು ಬಾಗಲಾ ಬಡೀತದ. ನಾ ಸೊಸಿಯಾಗಿ ಬಂದಾಗ ಹಟ್ಟ್ಯಾಗ ಟಗರು ಗುದ್ದಾಡ್ತಿದ್ವು. ನಾರಾಯಣಪುರದ ಡ್ಯಾಮಿನ ನೀರು ಕಾಲುವಿಗೆ ಬಂದ ಮ್ಯಾಲ ನಾವು ಹೆಣ್ಮಕ್ಕಳು ಶುರು ಮಾಡಿದ್ವಿ. ಈಗ ಫೋನಿನ್ಯಾಗ ರಾಕ್ಷಸ ಬಂದಾನ.

ಅವನ್ನ ತಂದಾಕಿ ನನ್ನ ಮೊಮ್ಮಗಳು. ಶಹಾಪುರದಾಗ ಕಾಲೇಜು ಮುಗಿಸಿ, ನಮ್ಮ ಪಡಸಾಲ್ಯಾಗೇ ಕುಂತು ಫೋನಿನ ಆಟ ಕಟ್ಟೋ ಕೆಲಸ ಹಿಡದಾಳ. ಆ ಆಟದಾಗ ಒಂದು ಊರು ಅದ. ದೂರದೂರಿನ ಮಂದಿ ತಮ್ಮ ತಮ್ಮ ಫೋನಿನಿಂದ ಆ ಊರಿಗೆ ಬಂದು ಹೊಲ ಬಿತ್ತತಾರ, ರೊಟ್ಟಿ ಬಡೀತಾರ, ಚಂದಚಂದ ಅರಿವಿ ಉಡ್ತಾರ. ಅಡವಿಗೆ ಹೋದ್ರ ರಾಕ್ಷಸ ಬರ್ತಾನ, ಅವನ ಕೂಡ ಬಡದಾಡಬೇಕು. ಆ ಬಡದಾಟ ಅಷ್ಟೂ ಈಕಿ ಕೈಕೆಲಸ. ತ್ರಾಸು ಏನಂದ್ರ, ಮಂದಿ ಖುಷಿಲೆ ಬಿತ್ತತಾರ, ಖುಷಿಲೆ ಉಡ್ತಾರ, ರಾಕ್ಷಸ ಬಂದ ಕೂಡ್ಲೇ ಫೋನ್ ಇಟ್ಟು ಎದ್ದು ಹೋಗ್ತಾರ.

"ಸೋಮವಾರ ನಮ್ಮ ಕಂಪನಿ ಸಾಹೇಬ್ರು ನೋಡ್ತಾರಂತ ಆಯಿ. ಹಿಡಸಲಿಲ್ಲಂದ್ರ ಬಡದಾಟನೇ ಕಿತ್ತಿ ಒಗೀತಾರ. ಒಂದು ವರ್ಷದ ಕೆಲಸ ಹೋಗ್ತದ," ಅಂತ ಮಾರಿ ಇಷ್ಟು ಸಣ್ಣದು ಮಾಡಿದಳು.

"ತಾ ಇಲ್ಲಿ, ಅವ ಎಂಥಾ ರಾಕ್ಷಸ ನೋಡೂಣು," ಅಂದೆ.

೧. ಗೆದ್ದದ್ದು ಯಾವಾಗ?

ನಾ ಶೇಂಗಾ ಸುಲೀತಿದ್ದೆ. ಫೋನ್ ಶೇಂಗಾದ ಮೊರದ ಪಕ್ಕಕ್ಕ ಇಟ್ಟಳು. ತಲಿ ಮ್ಯಾಲ ಕೆಂಪು ಗೆರಿ ಇದ್ದ ಒಬ್ಬ ದಾಂಡಿಗ ನಿಂತಿದ್ದ.

"ಆ ಗೆರಿ ಅವನ ಜೀವ ಆಯಿ. ನೀ ಬೆರಳು ಒತ್ತಿದಂಗ ಅದು ಸಣ್ಣದಾಗ್ತದ. ನಿನ್ನ ಜೀವ ಕಡಿಮಿ ಆದ್ರ ಚೀಲದಾಗ ರೊಟ್ಟಿ ಅದಾವ. ತಿಂದ್ರ ಗೆರಿ ಮತ್ತ ತುಂಬ್ತದ."

"ಅವ ಏನ್ ಮಾಡ್ತಾನ?"

"ಅವನೂ ನಡುನಡುವ ಹೊಡೀತಾನ."

ಎಡಗೈಲೆ ಒತ್ತಿದೆ, ಬಲಗೈಲೆ ಶೇಂಗಾ ಸುಲಿದೆ. ದಾಂಡಿಗ ತೊಲಿಕಂಬ ನಿಂತಂಗ ನಿಂತಿದ್ದ. ಅರ್ಧ ಸೇರು ಶೇಂಗಾ ಮುಗದಿರಬೇಕು, ಮೊಮ್ಮಗಳು ಚಪ್ಪಾಳಿ ತಟ್ಟಿದಳು.

"ಆಯಿ, ಗೆದ್ದಿ! ರಾಕ್ಷಸ ಸತ್ತ!"

"ಹೌದಾ? ಯಾವಾಗ?"

ಆಕಿ ಚಪ್ಪಾಳಿ ಅಲ್ಲೇ ನಿಂತಿತು. ನಾ ಸಮಾಧಾನ ಹೇಳಿದೆ: "ತಪ್ಪು ತಿಳೀಬ್ಯಾಡವ್ವ. ಸಾಯೋ ಮೊದಲು ಒಂದು ಮಾತು ಹೇಳಿದ್ರ ಶೇಂಗಾ ಬಿಟ್ಟು ನೋಡ್ತಿದ್ದೆ."

೨. ಟಗರಿನ ಪಾಠ

"ನಿನ್ನ ರಾಕ್ಷಸಗ ಹೊಡಿಯಾಕ ಬರಂಗಿಲ್ಲ," ಅಂತ ಮರುದಿನ ಮುಂಜಾನಿ ಆಕಿನ್ನ ಹಟ್ಟಿಗೆ ಕರಕೊಂಡು ಹೋದೆ. ನಮ್ಮ ಕರಿ ಟಗರು ಆ ಹೊತ್ತಿಗೆ ಮೇವಿನ ಬುಟ್ಟಿ ಕಾಯ್ಕೋತ ನಿಂತಿರ್ತದ. ಯಾರು ಬುಟ್ಟಿ ಹತ್ರ ಹೋದ್ರೂ ಅದಕ್ಕ ವೈರಿನೇ.

"ಬುಟ್ಟಿ ಮುಟ್ಟು. ಆಮ್ಯಾಗ ಟಗರಿನ ಕಾಲು ನೋಡು, ಕೋಡು ನೋಡಬ್ಯಾಡ," ಅಂದೆ.

ಆಕಿ ಫೋನ್ ಹಿಡಕೊಂಡು ಚಿತ್ರ ತೆಗಕೋತ ಬುಟ್ಟಿ ಮುಟ್ಟಿದಳು. ಟಗರು ತಲಿ ತಗ್ಗಿಸ್ತು. ಒಂದು ಹೆಜ್ಜಿ ಹಿಂದ. ಎರಡು ಹೆಜ್ಜಿ ಹಿಂದ. ಮೂರು.

"ಆಯಿ, ನೋಡು ನೋಡು, ನನಗ ಅಂಜಿ ಹೊಂಟದ!"

ಬಾಜೂಕ ಸರಿ ಅನ್ನಾಕ ನಾ ಬಾಯಿ ತೆಗೆಯೋದ್ರಾಗ ಟಗರು ಬಂದು ಮುಟ್ಟೇಬಿಟ್ಟಿತು. ಹುಡುಗಿ ಸೀದಾ ಜ್ವಾಳದ ಕಣಿಕಿ ಬಣವ್ಯಾಗ. ಮ್ಯಾಲ ಎರಡು ಚಪ್ಪಲಿ ಅಷ್ಟೇ ಕಾಣ್ತಿದ್ವು. "ಯವ್ವಾ, ಪೆಟ್ಟಾತೇನ?" ಅಂತ ಓಡಿದೆ.

ಕಣಿಕಿ ಒಳಗಿಂದ ದನಿ ಬಂತು: "ಆಯಿ, ತಿಳೀತು! ಹಿಂದಕ್ಕ ಸರಿಯೋದೇ ಹೊಡ್ತದ ಸುದ್ದಿ! ಆ ಹೊತ್ತಿನ್ಯಾಗ ನಾವು ಬಾಜೂಕ ಸರೀಬೇಕು!"

ಅವತ್ತೇ ರಾಕ್ಷಸಗ ಮೂರು ಹೆಜ್ಜಿ ಹಿಂದಕ್ಕ ಸರಿಯೋದು ಕಲಿಸಿದಳು. ನಾವು ಸರದ್ರ ಅವ ನಮ್ಮ ಹಿಂದಿನ ಬಂಡೆಗಲ್ಲಿಗೆ ಹಣಿ ಬಡಕೋತಾನ, ಸರೀಲಿಲ್ಲಂದ್ರ ನಾವು ಬಡಕೋತೀವಿ. ಆಡಿ ನೋಡಿದೆ. ಶೇಂಗಾದ ಮೊರ ತಾನೇ ಬಾಜೂಕ ಸರೀತು.

"ಇಷ್ಟು ಬರೋಬ್ಬರಿ ಎಲ್ಲಿಂದ ಅಳತಿ ತೊಗೊಂಡಿ?" ಅಂದೆ.

ಆಕಿ ಕೂದಲಾಗಿನ ಕಣಿಕಿ ತೆಗೀತಾ ಅಂದಳು: "ಇನ್ನೂ ಮೂರು ಸಲ ಬುಟ್ಟಿ ಮುಟ್ಟಿ ಬಂದೀನಿ."

೩. ಸಲಿಕಿ ಊರಿದ ಜಗಳ

ಇಷ್ಟಾದ್ರೂ ಆಕಿಗೆ ಸಮಾಧಾನ ಇಲ್ಲ. "ಎರಡು ಸಲ ಸರದ ಮ್ಯಾಲ ಮಂದಿಗೆ ಮತ್ತ ಬ್ಯಾಸರ ಆಗ್ತದ ಆಯಿ. ಬಿಟ್ಟು ಏಳಬಾರದು, ಹಂಗ ಇರಬೇಕು."

"ಹಂಗಂದ್ರ ಕಾಲುವಿ ಮ್ಯಾಲಿನ ಜಗಳ ನೋಡಬೇಕು ನೀ," ಅಂದೆ.

ನಮ್ಮ ಹೊಲದ ಮ್ಯಾಲಿನ ಮಗ್ಗಲಿಗೆ ಒಬ್ಬಾಕಿ ಹೊಲ ಅದ. ನೀರು ಮೊದಲು ಆಕಿಗೆ, ಆಮ್ಯಾಗ ನನಗ. ಹೊಸದಾಗಿ ನೀರು ಬಂದ ವರ್ಷ ನಾವಿಬ್ಬರೂ ಜಗಳಾಡದ ಸರದಿನೇ ಇಲ್ಲ. ಆದ್ರ ಅದಕ್ಕೂ ಒಂದು ಕಟ್ಟಳಿ ಇತ್ತು. ಮಾತಾಡಾಕಿ ತನ್ನ ಸಲಿಕಿ ಒಡ್ಡಿನ ಮ್ಯಾಲ ಊರಬೇಕು. ಅದು ಊರಿರೋತನಕ ಎದುರಿನಾಕಿ ತುಟಿ ಬಿಚ್ಚಂಗಿಲ್ಲ. ಕಿತ್ತಿದ ಮ್ಯಾಲ ಈಕಿ ಊರಬೇಕು. ಕಡೀಕ ಗೆದ್ದಾಕಿ ಬುತ್ತಿ ಬಿಚ್ಚಿ ಸೋತಾಕಿಗೆ ರೊಟ್ಟಿ ಕೊಡಬೇಕು. ಕೊಡಲಿಲ್ಲಂದ್ರ ಜಗಳ ಮುಗದಂಗಲ್ಲ.

ಆಕಿನ್ನ ಕರಕೊಂಡು ಮೂವರೂ ಕಾಲುವಿಗೆ ಹೋದ್ವಿ. "ಯಾವುದಕ್ಕ ಜಗಳಾಡೂಣು?" ಅಂದಳು ಮ್ಯಾಲಿನ ಹೊಲದಾಕಿ. ಈಗ ನಾವು ಗೆಳತ್ಯಾರು, ಕಾರಣ ಸಿಗವಲ್ದು.

"ಹಳೇದಕ್ಕೇ ಆಡೂಣು," ಅಂದೆ.

ಆಕಿ ಸಲಿಕಿ ಊರಿದಳು. "ನಿನ್ನ ಎಮ್ಮಿ ನನ್ನ ಒಡ್ಡು ಒಡದಿತ್ತು, ನೆನಪದ ಏನ? ಎಮ್ಮಿ ಹಂಗ ಒಡತಿ, ಒಡತಿ ಹಂಗ ಎಮ್ಮಿ!"

ಉತ್ತರ ನನ್ನ ಹೊಟ್ಟ್ಯಾಗ ಕೊತಕೊತ ಕುದೀತು. ಆದ್ರ ಆಕಿ ಸಲಿಕಿ ಇನ್ನೂ ಊರಿಕೊಂಡೇ ಇತ್ತು! ಆಕಿ ಕಿತ್ತಿದ್ದೇ ತಡ, ನಂದು ಊರಿದೆ. "ನನ್ನ ಎಮ್ಮಿ ಒಡದದ್ದು ಒಂದು ಸಲ! ನೀ ದಿನಾ ನನ್ನ ನೀರು ಕಟ್ಟಿ ಮೆಣಸಿನಗಿಡಕ್ಕ ಬಿಡ್ತಿದ್ದಿ!" ಆಟಕ್ಕ ಶುರುವಾದದ್ದು ಖರೇನೇ ಹತ್ತಿಕೊಂತು. ಯಾರೂ ನೀರು ನೋಡಲಿಲ್ಲ. ಅದು ತುಂಬಿ ಹರದು ಕೆಳಗಿನ ಹೊಲದಾತನ ಈರುಳ್ಳಿಗೆ ನುಗ್ಗಿತು. ಆತ ಓಡಿ ಬಂದ.

"ಬುದ್ಧಿ ಅದ ಏನ್ರಿ ನಿಮಗ? ಈ ವಯಸ್ಸಿನ್ಯಾಗ ಜಗಳ?"

ನಾವಿಬ್ಬರೂ ಒಂದೇ ಸಲಕ್ಕ ಸಲಿಕಿ ಊರಿದ್ವಿ. "ನಮ್ಮ ಜಗಳದಾಗ ನಿನಗೇನು ಕೆಲಸ?" ಪಾಪ, ಆತ ಈರುಳ್ಳಿ ಬಿಟ್ಟು ಹೋದ.

ಮೊಮ್ಮಗಳ ಕಣ್ಣು ಮಿಂಚಿದ್ವು. "ಉತ್ತರ ಕುದೀಬೇಕು, ಸರದಿ ಕಾಯಬೇಕು, ಇಬ್ಬರು ಕೂಡಿ ಮೂರನೇದವಗ ಹೊಡೀಬೇಕು! ಇನ್ನೊಮ್ಮೆ ಆಡ್ರಿ, ಚಿತ್ರ ತೊಗೋತೀನಿ."

ಮ್ಯಾಲಿನ ಹೊಲದಾಕಿ ದೂರ ಕೈ ಮಾಡಿದಳು: "ಹಂಗಾದ್ರ ಆತನ್ನ ತಿರುಗಿ ಕರಿ."

೪. ಸೋಮವಾರ

ಸಾಹೇಬ್ರು ಕಲಬುರಗಿಯಿಂದ ಕಂಪ್ಯೂಟರಿನ್ಯಾಗ ಮಾರಿ ತೋರಿಸಿದ್ರು. "ಹತ್ತು ನಿಮಿಷ ಅಷ್ಟೇ ನೋಡ್ತೀನಿ, ನಡೀಲಿ," ಅಂದ್ರು. ನಾನೊಂದು ಫೋನ್, ಮ್ಯಾಲಿನ ಹೊಲದಾಕಿ ಒಂದು ಫೋನ್. ಕಾಲುವಿ ಜಗಳದ ಸರದಿ ಈಗ ಆಟದಾಗೂ ಬಂದಿತ್ತು. ಮೊಮ್ಮಗಳು ಸೆರಗಿನ ತುದಿ ಹಿಡಕೊಂಡು ಕುಂತಿದ್ದಳು, ತನ್ನದಲ್ಲ, ನಂದು.

ರಾಕ್ಷಸ ಹಿಂದಕ್ಕ ಸರದ. ನಾವು ಬಾಜೂಕ ಸರದ್ವಿ. ಬಂಡೆಗಲ್ಲಿಗೆ ಢಣ್! ಆಕಿ ಸರದಿ, ನನ್ನ ಸರದಿ, ಇಬ್ಬರೂ ಕೂಡಿ. ಅವನ ಕೆಂಪು ಗೆರಿ ಎಳ್ಳಷ್ಟು ಉಳೀತು. ಮೊಣಕಾಲು ಊರಿ ಕುಂತುಬಿಟ್ಟ.

"ಇನ್ನೊಂದೇ ಏಟು ಆಯಿ!" ಅಂದಳು ಮೊಮ್ಮಗಳು.

ಸೋತು ಕುಂತವಗ ಏಟು ಹಾಕೋ ಪದ್ಧತಿ ನಮ್ಮಲ್ಲಿ ಎಲ್ಲಿ ಅದ? ಚೀಲ ಬಿಚ್ಚಿ ಒಂದು ರೊಟ್ಟಿ ತೆಗದು ಅವನ ಬಾಯಿಗೆ ಇಟ್ಟೆ.

ಮೊಮ್ಮಗಳು ತಲಿ ಹಿಡಕೊಂಡಳು. ಯಾರು ತಿಂದ್ರೂ ಜೀವ ತುಂಬ್ತದ ಅಂತ ಆಟಕ್ಕ ಹೇಳಿಟ್ಟಾಕಿ ಆಕಿನೇ. ರಾಕ್ಷಸಗ ಯಾರಾದ್ರೂ ಉಣಸ್ತಾರ ಅಂತ ಆಕಿಗೇನು ಗೊತ್ತು? ಗೆರಿ ತುಂಬಿತು. ಅವ ಬಾಯಿ ಒರಸ್ಕೊಂಡು ಎದ್ದು ನನಗೇ ಗುದ್ದಿದ.

"ಉಂಡ ಮನಿಗೇ ಗುದ್ದತಾನ! ನಮ್ಮ ದೇವರು ಮೌನಪ್ಪನ ಆಣಿ, ಇವನ್ನ ಬಿಡಂಗಿಲ್ಲ!"

ಹತ್ತು ನಿಮಿಷ ಎಲ್ಲಿ ಹೋದ್ವೋ. ಯಾರೋ ಸಾಹೇಬ್ರನ್ನ ಊಟಕ್ಕ ಕರದ್ರು, ಅವರು ಏಳಲಿಲ್ಲ. "ಎಡಕ್ಕ ಸರೀರಿ ಅಮ್ಮಾ! ಹಿಂದ ಹೊಂಟಾನ, ಬಂದ, ಬಂದ!" ಅಂತ ಅಲ್ಲಿಂದಲೇ ಚೀರಾಕತ್ತಿದ್ರು. ಕಡೀಕ ರಾಕ್ಷಸ ಮತ್ತ ಮೊಣಕಾಲು ಊರಿದ. ಸಾಹೇಬ್ರು ಬೆವರು ಒರಸ್ಕೊಂಡ್ರು.

"ಬಡದಾಟ ತೆಗಿಯಂಗಿಲ್ಲವ್ವ. ರೊಟ್ಟಿನೂ ತೆಗೀಬ್ಯಾಡ. ಎರಡೂ ಇರ್ಲಿ."

ಮೊಮ್ಮಗಳು ನನ್ನ ಕೊರಳಿಗೆ ಬಿದ್ದಳು. ಆಕಿ ಅಳೋದು, ನಾ ನಗೋದು, ಸಾಹೇಬ್ರು ಚಪ್ಪಾಳಿ ಹೊಡಿಯೋದು. ಈ ಗದ್ದಲದಾಗ ಮ್ಯಾಲಿನ ಹೊಲದಾಕಿನ್ನ ಯಾರೂ ನೋಡಲಿಲ್ಲ. ಆಕಿ ಫೋನ್ ಕೆಳಗಿಟ್ಟು ತಣ್ಣಗ ಅಂದಳು:

"ಈ ಸಲ ಅವಗ ಒಂದು ರೊಟ್ಟಿ ಸಾಲಂಗಿಲ್ಲ ಅಂತ ಎರಡು ಕೊಟ್ಟೀನಿ."