ಇನ್ನೊಂದು ನಾಳೆ ತಾ

ನನ್ನ ಅಕ್ಕನಿಗೆ ‘ಒಂದು’ ಎಂಬ ಸಂಖ್ಯೆಯ ಮೇಲೆ ಯಾವ ಗೌರವವೂ ಇರಲಿಲ್ಲ. ನಾವಿಬ್ಬರೇ ಇದ್ದ ಮನೆಯಲ್ಲಿ ಎರಡು ಏಣಿ, ಎರಡು ಒನಕೆ, ಎರಡು ಕ್ಯಾಕ್ಟಸ್ ಗಿಡ. ಕ್ಯಾಕ್ಟಸ್ ಒಂದೇ ಸಾಕೆಂದು ನನಗೆ ಅದು ಚುಚ್ಚಿದ ಮೊದಲ ದಿನವೇ ತಿಳಿದಿತ್ತು!

ಅಕ್ಕ ಕುಂಬಳೆ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಬಹುವಚನವನ್ನು ಬೋರ್ಡಿನಲ್ಲಿ ಬರೆದರೆ ಮಕ್ಕಳ ತಲೆಗೆ ಹೋಗುವುದಿಲ್ಲ, ಕಣ್ಣೆದುರು ಇಡಬೇಕು ಎಂಬುದು ಅವಳ ಸಿದ್ಧಾಂತ. ಮಕ್ಕಳು ಮನೆಯಿಂದ ವಸ್ತು ತರಬೇಕು. ಮೇಜಿನ ಮೇಲೆ ಒಂದಿಟ್ಟು ಹೆಸರು ಹೇಳಬೇಕು; ಪಕ್ಕದಲ್ಲಿ ಇನ್ನೊಂದು ಇಟ್ಟ ಮೇಲೆಯೇ ಬಹುವಚನ. ಎರಡನೆಯದಿಲ್ಲದೆ ಬಹುವಚನ ಹೇಳಿದರೆ ಅದು ಸುಳ್ಳು ಹೇಳಿದಂತೆ.

‘ಶೀಪ್’ ಪಾಠದ ದಿನ ಏನು ಮಾಡುವುದು? ಕುಂಬಳೆಯಲ್ಲಿ ಕುರಿ ಎಲ್ಲಿಂದ ಬರಬೇಕು? ಮಕ್ಕಳು ಎರಡು ಆಡು ತಂದರು. ಅದರಲ್ಲೊಂದು ಹಾಜರಿ ಪುಸ್ತಕ ತಿನ್ನುತ್ತಿರುವಾಗ ಹೆಡ್‌ಮಾಷ್ಟ್ರು ಬಾಗಿಲಿಗೆ ಬಂದರು.

“ಇದೆಂತ ಟೀಚರ್?”

“ಶೀಪ್, ಸರ್. ಎರಡಾದರೂ ಶೀಪೇ.”

“ಇದು ಆಡಲ್ಲವಾ?”

“ಮಕ್ಕಳು ಒಪ್ಪಿದ್ದಾರೆ ಸರ್. ಆಡಿಗೂ ತೊಂದರೆ ಇಲ್ಲ.”

ಬೇರೆ ಭಾಷೆಯಿಂದ ಬಂದ ಶಬ್ದಗಳ ಮೇಲೆ ಅವಳಿಗೆ ವಿಶೇಷ ಮರುಕ. “ಈ ಕ್ಯಾಕ್ಟಸ್ ಲ್ಯಾಟಿನಿನಿಂದ ಮದುವೆಯಾಗಿ ಬಂದ ಹುಡುಗಿ, ಮಾರಾಯ್ತಿ. ತವರಿನ ಕ್ರಮ ಬಿಡಲಿಲ್ಲ. ಎರಡಾದರೆ ಕ್ಯಾಕ್ಟೈ.” ‘ಫಂಗಸ್’ ಕೂಡ ಅದೇ ತವರಿನವಳು. ಅವಳಿಗಾಗಿ ಎರಡು ಬ್ರೆಡ್ ತುಂಡುಗಳಿಗೆ ಬೂಷ್ಟು ಹಿಡಿಯಲು ಬಿಟ್ಟಿದ್ದಳು. ಗೊತ್ತಿಲ್ಲದೆ ನಾನು ಒಂದನ್ನು ಎಸೆದೆ. “ನನ್ನ ಫಂಗೈ ಹಾಳು ಮಾಡಿದೆಯಲ್ಲ!” ಎಂದು ಎರಡು ದಿನ ಮಾತು ಬಿಟ್ಟಳು. ಒಂದು ದಿನ ಸಾಕಾಗುತ್ತಿರಲಿಲ್ಲವೇ? ಇಲ್ಲ!

ಊರಿಗೆಲ್ಲ ಕಲಿಸಿದವಳು ಸೋತದ್ದು ನನ್ನೆದುರು. ಹತ್ತನೇ ತರಗತಿಗೆ ಓದು ನಿಲ್ಲಿಸಿದ ನಾನು ಅಡುಗೆಮನೆಯಿಂದ “ನೈಫ್ಸ್ ಎಲ್ಲಿ ಅಕ್ಕಾ?” ಎಂದು ಕೂಗುತ್ತಿದ್ದೆ. “ನೈವ್ಸ್!” ಎಂದು ಒಳಕೋಣೆಯಿಂದ ಗದರಿಕೆ ಬರುತ್ತಿತ್ತು. ಚೂರಿ ಬರುತ್ತಿರಲಿಲ್ಲ.

ಇಷ್ಟೆಲ್ಲ ಜೋಡಿಗಳ ನಡುವೆ ಕಪಾಟಿನಲ್ಲಿ ಒಂದೇ ಒಂದು ಒಂಟಿ ವಸ್ತುವಿತ್ತು: ಮರದ ಹಿಡಿಯ ಚೂರಿ. ಹಮೀದ್ ಎಂಬ ಹುಡುಗ ಪಾಠಕ್ಕೆ ಒಂದೇ ತಂದಿದ್ದನಂತೆ. ಬಹುವಚನ ಹೇಳಲು ಬಾಯಿ ತೆರೆದವನನ್ನು ಅಕ್ಕ ತಡೆದು, “ಇನ್ನೊಂದು ನಾಳೆ ತಾ. ಆಮೇಲೆ ಹೇಳು. ಎರಡನ್ನೂ ಒಟ್ಟಿಗೆ ಕೊಂಡುಹೋಗು” ಎಂದಿದ್ದಳು. ಮರುದಿನ ಅವನು ಬರಲಿಲ್ಲ. ಆ ರಾತ್ರಿ ಅವನ ತಂದೆ ತೀರಿಹೋಗಿ, ಕುಟುಂಬ ಊರು ಬಿಟ್ಟಿತ್ತು. ಅಕ್ಕ ಎರಡು ಸಲ ಹುಡುಕಿಕೊಂಡು ಹೋಗಿ ಬಂದಳು. ಆಮೇಲೆ ವರ್ಷ ವರ್ಷವೂ ಚೂರಿಗೆ ಎಣ್ಣೆ ಹಚ್ಚಿ ಇಟ್ಟಳು. ಅದರಲ್ಲಿ ಒಂದು ನೀರುಳ್ಳಿ ಕೊಯ್ಯಲೂ ನನ್ನನ್ನು ಬಿಡಲಿಲ್ಲ. “ಪಾಠ ಮುಗಿಯಲಿಲ್ಲ” ಎನ್ನುತ್ತಿದ್ದಳು.

ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. “ಒಬ್ಬಳಿಗೆ ಎಂತಕ್ಕೆ ಇಷ್ಟು ಸಾಮಾನು? ಗುಜರಿಗೆ ಹಾಕು” ಎಂದರು ನೆಂಟರು. ಒಂದು ಏಣಿ ಕೊಟ್ಟೆ, ಒಂದು ಒನಕೆ ಕೊಟ್ಟೆ. ಆ ಚೂರಿಯನ್ನು ಏನು ಮಾಡುವುದೆಂದು ಮಾತ್ರ ತಿಳಿಯಲಿಲ್ಲ.

ಕಳೆದ ವಾರ ಗಡ್ಡ ನರೆತವರೊಬ್ಬರು ಅಂಗಳಕ್ಕೆ ಬಂದರು. ಕೈಯಲ್ಲಿ ಕಾಗದ ಸುತ್ತಿದ ಪೊಟ್ಟಣ.

“ಅಕ್ಕ, ನಾನು ಹಮೀದ್. ಟೀಚರ್ ಹೋದದ್ದು ಮೊನ್ನೆ ಗೊತ್ತಾಯ್ತು. ಇನ್ನೊಂದು ತರ್ಲಿಕ್ಕೆ ಹೇಳಿದ್ರು. ತಡ ಆಯ್ತು.”

ಪೊಟ್ಟಣದಲ್ಲಿ ಮರದ ಹಿಡಿಯ ಚೂರಿ. ಕಪಾಟಿನಿಂದ ಹಳೆಯದನ್ನು ತಂದು ಅದರ ಪಕ್ಕದಲ್ಲಿಟ್ಟೆ. “ಈಗ ನೈಫ್ಸ್ ಆಯ್ತು ನೋಡಿ” ಎಂದೆ.

“ನೈವ್ಸ್!” ಎಂದರು ಅವರು ಥಟ್ಟನೆ, ಅದೇ ಗದರುವ ಸ್ವರದಲ್ಲಿ. ಕೂಡಲೇ ನಾಲಿಗೆ ಕಚ್ಚಿಕೊಂಡರು. “ಬೇಜಾರು ಮಾಡ್ಬೇಡಿ ಅಕ್ಕ. ಅವತ್ತು ಟೀಚರ್ ಹೇಳ್ಲಿಕ್ಕೆ ಬಿಡಲಿಲ್ಲ.”

ನಾನು ಎರಡೂ ಚೂರಿಗಳನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ.

“ಒಟ್ಟಿಗೆ ಕೊಂಡುಹೋಗಬೇಕಂತೆ” ಎಂದೆ. “ಹೋಗುವ ಮೊದಲು ಅದನ್ನು ಇನ್ನೊಮ್ಮೆ ಹೇಳಿ.”